ಭಾನುವಾರದ ಬಾಗಿಲು

ದರ್ಜಿ ಸುದ್ದಿ ತಂದಾಗ ಮನೆಯವರೆಲ್ಲ ಊಟಕ್ಕೆ ಕೂತಿದ್ದರು. ಅವನು ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ ಬಾಗಿಲಲ್ಲೇ ನಿಂತು, "ಮೇಲಿನವರು ಭಾನುವಾರದ ರಜೆ ಕೈಬಿಡ್ತಾ ಇದ್ದಾರೆ," ಅಂದ.

ಅಜ್ಜಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ಕೈಬಿಟ್ರೋ, ಬಿಡೋಣ ಅಂತಿದ್ದಾರೋ?"

"ಶಾಖೆಗಳು ಕೈ ಎತ್ತಬೇಕು. ಆಮೇಲೆ."

"ಹಾಗಾದ್ರೆ ಇನ್ನೂ ಬಿಟ್ಟಿಲ್ಲ. ಕೂತ್ಕೋ, ಊಟ ಮಾಡು."

ಈ ಮನೆಯ ಮುಂದಿನ ಕೋಣೆಯೇ ಪಕ್ಷದ ವಾರ್ಡ್ ಶಾಖೆ. ಬಾಡಿಗೆ ಕಟ್ಟಲಾಗದೆ ಕಚೇರಿ ಬಿಟ್ಟಾಗ ಬೆಂಚುಗಳು, ಬಾವುಟದ ಕೋಲುಗಳು, ಒಂದು ಕೆಟ್ಟ ಮೈಕು ಇಲ್ಲಿಗೆ ಬಂದವು, ಮತ್ತೆ ಹೋಗಲಿಲ್ಲ. ದರ್ಜಿ ಶಾಖೆಯ ಕಾರ್ಯದರ್ಶಿ. ಅಜ್ಜಿ ಅಧ್ಯಕ್ಷೆ. ಸೊಸೆ ಸದಸ್ಯೆ. ಮಗ ಬ್ರೆಡ್ ಕಾರ್ಖಾನೆಯ ವ್ಯಾನ್ ಓಡಿಸುತ್ತಾನೆ. ಅವನಿಗೂ ಪಕ್ಷಕ್ಕೂ ಇರುವ ಸಂಬಂಧ ಮಧ್ಯಾಹ್ನ ಆ ಬೆಂಚಿನ ಮೇಲೆ ಮಲಗುವುದಷ್ಟೆ.

ಪಕ್ಷ ಹುಟ್ಟಿದ್ದೇ ಅಂಗಡಿ ಕೆಲಸದವರಿಂದ. ಅಜ್ಜಿ ಹುಡುಗಿಯಾಗಿದ್ದಾಗ ಪೇಟೆ ಬೀದಿಯ ಪಾತ್ರೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಆಗ ಪೇಟೆಗೆ ರಜೆ ಎಂಬುದೇ ಇರಲಿಲ್ಲ. ಒಂದು ಭಾನುವಾರ ಅವಳೂ ಇನ್ನು ಕೆಲವರೂ ಅಂಗಡಿಗಳ ಮೆಟ್ಟಿಲಿಗೆ ಅಡ್ಡ ಕೂತರು. ಪೊಲೀಸರು ಎಬ್ಬಿಸಿದರು. ಮುಂದಿನ ಭಾನುವಾರ ಮತ್ತೆ ಕೂತರು. ಹೀಗೆ ಕೂತು ಕೂತು ಕೊನೆಗೆ ಪುರಸಭೆ ನಿಯಮ ಮಾಡಿತು: ಭಾನುವಾರ ಪೇಟೆ ಬಂದ್. ಆ ನಿಯಮ ಈಗಲೂ ಇದೆ. ಅದು ಉಳಿದಿರುವುದು ಈ ಪಕ್ಷ ಇರುವುದರಿಂದ. ಜನ ಈ ಪಕ್ಷಕ್ಕೆ ವೋಟು ಹಾಕದಿರುವುದೂ ಆ ನಿಯಮದಿಂದಲೇ.

ನಿಯಮ ಕಾಯುವುದು ಪುರಸಭೆಯ ಕೆಲಸ. ಆದರೆ ಪುರಸಭೆಯ ಮೇಲೆ ಪಕ್ಷಕ್ಕೆ ಯಾವತ್ತೂ ನಂಬಿಕೆ ಇರಲಿಲ್ಲ. ಅದಕ್ಕೇ ಪ್ರತಿ ಭಾನುವಾರ ಬೆಳಿಗ್ಗೆ ಅಜ್ಜಿ ಪೇಟೆ ಬೀದಿಯ ಆ ತುದಿಯಿಂದ ಈ ತುದಿಗೆ ನಡೆದು ಪ್ರತಿ ಅಂಗಡಿಯ ಬೀಗ ಹಿಡಿದು ಎಳೆದು ನೋಡುತ್ತಾಳೆ. ಬೀದಿಯ ಮಕ್ಕಳು ಅವಳನ್ನು ಬೀಗದಜ್ಜಿ ಅನ್ನುತ್ತಾರೆ. ಅವಳಿಗೆ ಅದರಿಂದ ಬೇಸರವಿಲ್ಲ.

ದರ್ಜಿ ಎರಡು ತುತ್ತು ತಿಂದು ಉಳಿದ ವಿಷಯ ಹೇಳಿದ. ಈ ಸಲ ಪುರಸಭೆ ಚುನಾವಣೆಯಲ್ಲಿ ಹೊಸ ನಿಲುವು ಒಪ್ಪದ ಶಾಖೆಗೆ ಟಿಕೆಟ್ ಇಲ್ಲ. "ಎಲ್ಲೂ ಬರೆದಿಲ್ಲ. ಬಾಯಲ್ಲಿ ಹೇಳಿದ್ದಾರೆ." ಹೇಳಿ ಸೊಸೆಯ ಕಡೆ ನೋಡಿದ.

ಸೊಸೆ ಈ ವಾರ್ಡಿನಿಂದ ಎರಡು ಸಲ ನಿಂತು ಸೋತವಳು. ಎರಡನೇ ಸಲ ಬಹಳ ಹತ್ತಿರಕ್ಕೆ ಬಂದಿದ್ದಳು. ನಲ್ಲಿಯಲ್ಲಿ ನೀರು ಬರದಿದ್ದರೆ, ಚರಂಡಿ ಕಟ್ಟಿದರೆ, ಬೀದಿ ದೀಪ ಹೋದರೆ ಜನ ಗೆದ್ದವನ ಮನೆಗೆ ಹೋಗುವುದಿಲ್ಲ, ಇವಳ ಮನೆಗೆ ಬರುತ್ತಾರೆ. ಇವಳು ಪುರಸಭೆಗೆ ಹೋಗಿ ಬೆಂಚಿನ ಮೇಲೆ ಕಾದು ಕೂರುತ್ತಾಳೆ, ಯಾಕೆಂದರೆ ಒಳಗೆ ಸದಸ್ಯರ ಸಾಲಿನಲ್ಲಿ ಅವಳಿಗೆ ಕುರ್ಚಿ ಇಲ್ಲ. ಆ ಕುರ್ಚಿ ಅವಳಿಗೆ ಬೇಕಿತ್ತು. ಬೇಕು ಅಂತ ಹೇಳಿಕೊಳ್ಳಲು ಅವಳಿಗೆ ನಾಚಿಕೆಯೂ ಇರಲಿಲ್ಲ.

"ಅತ್ತೆ, ಪ್ರಸ್ತಾಪ ನಾನೇ ತರ್ತೀನಿ," ಅಂದಳು.

"ಯಾವುದು?"

"ರಜೆ ಕೈಬಿಡೋದು."

ಅಜ್ಜಿ ನೀರು ಕುಡಿದು ಲೋಟ ಕೆಳಗಿಟ್ಟಳು. "ತಾ. ಯಾರು ಬೇಡ ಅಂದ್ರು?"

ಮಗ ತಟ್ಟೆ ಎತ್ತಿಕೊಂಡು ಎದ್ದ. "ನಾನು ವ್ಯಾನಲ್ಲೇ ಮಲಗ್ತೀನಿ ಇನ್ಮೇಲೆ," ಅಂದ.

ಮುಂದಿನ ವಾರವೆಲ್ಲ ಮನೆಯಲ್ಲಿ ಇದೇ ಮಾತು. ಪಾತ್ರೆ ತೊಳೆಯುವಾಗ, ಬಟ್ಟೆ ಹಿಂಡುವಾಗ, ನಲ್ಲಿಯ ಮುಂದೆ ಬಿಂದಿಗೆ ಇಟ್ಟು ಕಾಯುವಾಗ.

"ಗಲ್ಲಿ ಕೊನೆಯ ನರ್ಸು ಏನಂದಳು ಗೊತ್ತಾ, ಅತ್ತೆ? ವಾರಕ್ಕೊಂದೇ ರಜೆ, ಭಾನುವಾರ. ಮಗೂಗೆ ಚಪ್ಪಲಿ ತಗೋಬೇಕು ಅಂದ್ರೆ ಪೇಟೆ ಬಂದ್. ನಿಮ್ಮ ಪಕ್ಷಕ್ಕೆ ವೋಟು ಹಾಕಿ ಮಗೂನ ಬರಿಗಾಲಲ್ಲಿ ಓಡಾಡಿಸ್ಲಾ ಅಂತ ಕೇಳಿದಳು. ನಾನೇನು ಹೇಳಲಿ?"

"ಶನಿವಾರ ಸಂಜೆ ತಗೊಳ್ಳೋಕೆ ಹೇಳು."

"ಶನಿವಾರ ಸಂಜೆ ಅವಳಿಗೆ ಡ್ಯೂಟಿ."

"ನರ್ಸಿಗೆ ರಜೆ ಬೇಕು, ಚಪ್ಪಲಿ ಮಾರೋ ಹುಡುಗಿಗೆ ಬೇಡ. ಅಲ್ವಾ?"

"ಮಾರೋ ಹುಡುಗೀರು ನಮ್ಮ ವಾರ್ಡಲ್ಲಿ ಎಷ್ಟು ಜನ ಇದ್ದಾರೆ? ಕೊಳ್ಳೋರು ಎಷ್ಟು ಜನ? ಗೆಲ್ಲದ ಪಕ್ಷ ಯಾರಿಗೆ ಏನು ತಂದುಕೊಡುತ್ತೆ, ನೀವೇ ಹೇಳಿ."

"ಎಲ್ಲರಿಗೂ ಬೇಕಾದ್ದೇ ಹೇಳೋಕೆ ಆ ಇನ್ನೊಂದು ಪಕ್ಷ ಇದೆಯಲ್ಲಮ್ಮ. ಚೆನ್ನಾಗೇ ಹೇಳ್ತಾರೆ ಅವರು. ನಾವೂ ಅದನ್ನೇ ಹೇಳೋದಾದ್ರೆ ಜನ ನಮ್ಮ ಹತ್ರ ಯಾಕೆ ಬರಬೇಕು? ಹಿಂಡಿದ್ದು ಸಾಕು, ಹರಿದುಹೋಗುತ್ತೆ ಅದು."

ಸೊಸೆ ಕೈಯಲ್ಲಿದ್ದ ಬಟ್ಟೆಯನ್ನು ಹಗ್ಗದ ಮೇಲೆ ಎಸೆದಳು.

ಮೊಮ್ಮಗಳು ಪುಟ್ಟಿ ಇದರಲ್ಲಿ ಮಾತಾಡುತ್ತಿರಲಿಲ್ಲ. ಅವಳೇ ಮಾರೋ ಹುಡುಗಿ. ಓದು ನಿಲ್ಲಿಸಿ ಪೇಟೆ ಬೀದಿಯ ದೊಡ್ಡ ಬಟ್ಟೆ ಅಂಗಡಿಗೆ ಸೇರಿ ವರ್ಷವಾಗುತ್ತಾ ಬಂದಿತ್ತು. ಬೆಳಿಗ್ಗೆ ಹೋದರೆ ರಾತ್ರಿ ಬರುತ್ತಿದ್ದಳು, ಬಂದವಳೇ ಬಕೆಟ್ ನೀರಿನಲ್ಲಿ ಕಾಲಿಟ್ಟು ಕೂರುತ್ತಿದ್ದಳು. ಭಾನುವಾರ ಗೆಳತಿಯ ಮನೆಗೆ ಹೋಗುತ್ತಿದ್ದಳು. "ಪ್ರಾಯದ ಹುಡುಗಿ, ಹೋಗಲಿ," ಅನ್ನುತ್ತಿದ್ದಳು ಅಜ್ಜಿ. "ರಜೆ ಇರೋದೇ ಅದಕ್ಕೆ."

ಪಕ್ಷದಲ್ಲಿ ಒಂದು ಹಳೆಯ ಪದ್ಧತಿ ಇದೆ. ನಿಲುವು ಬದಲಿಸುವ ಪ್ರಸ್ತಾಪ ತರುವವರು, ಅದನ್ನು ಎಲ್ಲರಿಗಿಂತ ಹೆಚ್ಚು ವಿರೋಧಿಸುವವರ ಮನೆಗೆ ಸಭೆಗೆ ಮೊದಲು ಹೋಗಿ ಊಟ ಮಾಡಬೇಕು. ವಿರೋಧಿಸುವವರೇ ಬೇಯಿಸಿ ಬಡಿಸಬೇಕು. ಊಟ ಮುಗಿಯುವವರೆಗೆ ರಾಜಕೀಯ ಮಾತಾಡಬಾರದು. ಹೊಟ್ಟೆ ತುಂಬಿದವರು ಕುರ್ಚಿ ಎತ್ತಿ ಹೊಡೆದಾಡುವುದಿಲ್ಲ ಅನ್ನುವುದು ಇದರ ಹಿಂದಿನ ಲೆಕ್ಕಾಚಾರ. ಒಂದು ಸಲ ನಿಜಕ್ಕೂ ಹೊಡೆದಾಡಿದ್ದರಂತೆ.

"ಈಗ ನಾನು ಯಾರ ಮನೆಗೆ ಹೋಗಲಿ?" ಅಂದಳು ಸೊಸೆ.

"ಇಲ್ಲಿಗೇ ಬಾ," ಅಂದಳು ಅಜ್ಜಿ. "ಭಾನುವಾರ ಮಧ್ಯಾಹ್ನ."

"ಇಲ್ಲೇ ಇರ್ತೀನಲ್ಲ ಅತ್ತೆ."

"ಹೊರಗೆ ಹೋಗಿ ಬಾ. ಅಡುಗೆ ನಾನು ಮಾಡ್ತೀನಿ."

"ನೀನು ಒಲೆ ಮುಟ್ಟಿ ಎಷ್ಟು ಕಾಲ ಆಯ್ತಮ್ಮ," ಅಂದ ಮಗ. "ಪ್ರಸ್ತಾಪ ಗೆಲ್ಲಿಸೋಕೆ ಇದೊಂದೇ ಸಾಕು."

"ನೀನೂ ಮನೇಲಿರು. ಪುಟ್ಟಿಗೂ ಹೇಳು. ಪದ್ಧತಿ ಅಂದಮೇಲೆ ಇಡೀ ಮನೆ ಕೂರಬೇಕು."

ಪುಟ್ಟಿ ಹೂಂ ಅಂದಳು. ಅನ್ನುವಾಗ ಕಾಲುಗಳನ್ನು ಬಕೆಟ್ಟಿನಿಂದ ತೆಗೆದು ಒರೆಸಿಕೊಂಡಳು.

ಭಾನುವಾರ ಬೆಳಿಗ್ಗೆ ಅಜ್ಜಿ ಎಂದಿನಂತೆ ಪೇಟೆಗೆ ಹೋಗಿ ಬೀಗಗಳನ್ನು ಎಳೆದು ಬಂದಳು. ಆಮೇಲೆ ಒಲೆ ಮುಂದೆ ನಿಂತಳು. ಆಲೂಗಡ್ಡೆ ಸ್ವಲ್ಪ ತಳ ಹಿಡಿಯಿತು. ಸೊಸೆ ಒಳ್ಳೆಯ ಬಟ್ಟೆ ಉಟ್ಟು ಹಿಂದಿನ ಬಾಗಿಲಿಂದ ಹೊರಗೆ ಹೋಗಿ, ಮುಂದಿನ ಬಾಗಿಲು ತಟ್ಟಿದಳು. ಮಗ ಬಾಗಿಲು ತೆಗೆದು, "ಯಾರು ಬೇಕಾಗಿತ್ತು?" ಅಂತ ಕೇಳಿದ. ಅವಳಿಗೂ ನಗು ಬಂತು.

ತಟ್ಟೆ ಹಾಕಿದರು. ಪುಟ್ಟಿ ಬರಲಿಲ್ಲ. ಕಾದರು. ಅಜ್ಜಿ ಒಮ್ಮೆ ಬಿಸಿ ಮಾಡಿದಳು, ಮತ್ತೊಮ್ಮೆ ಬಿಸಿ ಮಾಡಿದಳು. ಆಮೇಲೆ ಇಬ್ಬರು ಹೆಂಗಸರೂ ಗೆಳತಿಯ ಮನೆಗೆ ಹೊರಟರು.

ಗೆಳತಿಯ ತಾಯಿ ಮೆಟ್ಟಿಲ ಮೇಲೆ ಕೂತು ಕಾಳು ಹಸನು ಮಾಡುತ್ತಿದ್ದಳು. "ಪುಟ್ಟೀನಾ? ಇಬ್ಬರೂ ಅಂಗಡೀಲಿ ಇರ್ತಾರಲ್ಲ," ಅಂದಳು.

"ಇವತ್ತು ಭಾನುವಾರ," ಅಂದಳು ಅಜ್ಜಿ.

"ಹೌದು. ಪ್ರತಿ ಭಾನುವಾರ." ಅವಳು ಅಜ್ಜಿಯ ಮುಖ ನೋಡಿ ಮೊರ ಕೆಳಗಿಟ್ಟಳು. "ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ."

ಬಟ್ಟೆ ಅಂಗಡಿಯ ರೋಲಿಂಗ್ ಷಟರ್ ನೆಲ ಮುಟ್ಟಿತ್ತು. ದೊಡ್ಡ ಬೀಗ ನೇತಾಡುತ್ತಿತ್ತು. ಬೆಳಿಗ್ಗೆ ಅಜ್ಜಿ ಎಳೆದು ನೋಡಿದ್ದ ಬೀಗ. ಸೊಸೆ ಷಟರಿಗೆ ಕಿವಿ ಕೊಟ್ಟಳು. ಒಳಗೆ ಫ್ಯಾನಿನ ಸದ್ದು. ಅವಳು ಅಂಗೈಯಿಂದ ಬಡಿದು, "ಪುಟ್ಟೀ," ಅಂದಳು. ಫ್ಯಾನು ನಿಂತಿತು. ಆಮೇಲೆ ಏನೂ ಕೇಳಿಸಲಿಲ್ಲ.

ಅವರು ಎದುರಿನ ಜಗಲಿಯ ಮೇಲೆ ಕೂತರು. ಸಂಜೆಯಾಗುವ ಮುಂಚೆ ಯಜಮಾನನ ಕಾವಲುಗಾರ ಬಂದು, ಅತ್ತ ಇತ್ತ ನೋಡಿ, ಬೀಗ ತೆಗೆದು ಷಟರನ್ನು ಮೊಣಕಾಲೆತ್ತರಕ್ಕೆ ಎತ್ತಿದ. ಹುಡುಗಿಯರು ಬಗ್ಗಿ ಒಬ್ಬೊಬ್ಬರಾಗಿ ಹೊರಗೆ ಬಂದರು. ಪುಟ್ಟಿ ಮೂರನೆಯವಳು.

ತಳ ಹಿಡಿದ ಆಲೂಗಡ್ಡೆಯನ್ನು ಕತ್ತಲಾದ ಮೇಲೆ ತಿಂದರು. ಪದ್ಧತಿ ಪ್ರಕಾರ ಊಟ ಮುಗಿಯುವವರೆಗೆ ಯಾರೂ ಆ ವಿಷಯ ಎತ್ತಲಿಲ್ಲ. ಪುಟ್ಟಿ ಕೈ ತೊಳೆದು ಬಂದ ಮೇಲೆ ಅಜ್ಜಿ ಕೇಳಿದಳು.

"ಯಾವಾಗಿಂದ?"

"ಸೇರಿದಾಗಿಂದ. ಬೆಲೆ ಚೀಟಿ ಅಂಟಿಸೋದು, ಮಡಚಿ ಇಡೋದು, ಹಳೇ ಮಾಲು ಎಣಿಸೋದು. ಮಧ್ಯಾಹ್ನದವರೆಗೆ ಅಂತಾರೆ, ಸ್ವಲ್ಪ ಜಾಸ್ತಿ ಆಗುತ್ತೆ."

"ಹೊರಗಿಂದ ಬೀಗ ಹಾಕ್ತಾರಾ?"

"ನೀನು ಬರ್ತೀಯಲ್ಲ ಅಜ್ಜಿ, ಅದಕ್ಕೆ. ನಿನ್ನ ಚಪ್ಪಲಿ ಸದ್ದು ಕೇಳಿದ ತಕ್ಷಣ ಫ್ಯಾನು ಆರಿಸ್ತಾರೆ. ನೀನು ಬೀಗ ಎಳೆದು ಹೋಗೋವರೆಗೂ ಉಸಿರು ಬಿಗಿಹಿಡ್ಕೊಂಡು ಕೂತಿರ್ತೀವಿ. ಮೊದಮೊದಲು ಒಬ್ಬಳಿಗೆ ನಗು ಬಂದುಬಿಡೋದು."

ಮಗ, "ಬೆಂಕಿ ಗಿಂಕಿ ಬಿದ್ರೆ ಏನು ಗತಿ," ಅಂದ.

"ನನಗೆ ಯಾಕೆ ಹೇಳಲಿಲ್ಲ?" ಅಜ್ಜಿ ಕೇಳಿದಳು.

"ಹೇಳಿದ್ರೆ ನೀನು ಸುಮ್ನಿರ್ತಿದ್ಯಾ? ಕೆಲಸ ಹೋಗ್ತಿತ್ತು."

ಸೊಸೆ ಟೇಬಲ್ ಒರೆಸುತ್ತಿದ್ದವಳು ನಿಲ್ಲಿಸಿದಳು. "ನೋಡಿದ್ರಾ ಅತ್ತೆ. ನೀವು ಕಾಯ್ತಿರೋ ರಜೆ ಎಲ್ಲಿದೆ? ಬಾಗಿಲು ತೆರೆದಿದ್ರೆ ಕೊನೇ ಪಕ್ಷ ಗಾಳಿ ಬೆಳಕಾದ್ರೂ ಇರೋದು ಅವಕ್ಕೆ. ಭಾನುವಾರದ ಸಂಬಳಾನಾದ್ರೂ ಕೇಳಬಹುದಿತ್ತು."

"ಕಳ್ಳ ಸಿಕ್ಕ ಅಂತ ಕಾನೂನು ತೆಗೀತಾರೇನೇ? ಅವನ ಮೇಲೆ ಕೇಸು ಹಾಕಬೇಕು."

"ಯಾರು ಹಾಕ್ತಾರೆ? ಪುರಸಭೇಲಿ ನಮ್ಮೋರು ಒಬ್ಬರಾದ್ರೂ ಇದ್ದಾರಾ?"

"ಅಮ್ಮ, ಅಜ್ಜಿ, ಇಬ್ಬರೂ ಕೇಳಿ," ಅಂದಳು ಪುಟ್ಟಿ. "ಇದನ್ನ ಸಭೇಲಿ ಯಾರೂ ಎತ್ತಬಾರದು. ನಮ್ಮ ಅಂಗಡಿ ಹೆಸರು ಬಂದ್ರೆ ಮೊದಲು ಹೋಗೋಳು ನಾನು."

"ನಿನಗೇನು ಬೇಕು, ಅದನ್ನ ಹೇಳು," ಅಂದಳು ತಾಯಿ.

"ಭಾನುವಾರ ಬೇಕು. ಕೆಲಸಾನೂ ಬೇಕು." ಅವಳು ಎದ್ದು ಬಕೆಟ್ ತರಲು ಹೋದಳು.

ಇಬ್ಬರೂ ಮಾತು ಕೊಟ್ಟರು.

ಶಾಖೆಯಲ್ಲಿ ಏಳು ಜನ ಸದಸ್ಯರು. ಸಭೆಯ ಸಂಜೆ ಎಲ್ಲರೂ ಬಂದರು. ಹಾಗೆ ಎಲ್ಲರೂ ಬಂದು ಬಹಳ ಕಾಲವಾಗಿತ್ತು. ಸೊಸೆ ಚಹಾ ಮಾಡಿ ಕೊಟ್ಟು, ಕೈ ಒರೆಸಿಕೊಂಡು ಪ್ರಸ್ತಾಪ ಮಂಡಿಸಿದಳು. ನರ್ಸಿನ ಮಾತು ಹೇಳಿದಳು, ಹಾಗೇ ದೂರಿದ್ದ ವಾರ್ಡಿನ ಒಬ್ಬ ಬಸ್ ಕಂಡಕ್ಟರ್ ಮಾತು ಹೇಳಿದಳು. ಅಂಗಡಿಯ ಒಳಗಿನ ಮಾತು ಹೇಳಲಿಲ್ಲ. ದರ್ಜಿ ಅವಳ ಕಡೆ ಮಾತಾಡಿದ, ಇನ್ನೊಬ್ಬರೂ ಮಾತಾಡಿದರು. ಅಜ್ಜಿಯ ಕಡೆಯೂ ಇಬ್ಬರು ಮಾತಾಡಿದರು. ಎಲ್ಲ ಹಳೆಯ ಮಾತುಗಳೇ. ಉಳಿದವರು ನಿವೃತ್ತ ಪೋಸ್ಟ್‌ಮನ್ ಒಬ್ಬರೇ. ಅವರು ಚಹಾದ ಲೋಟವನ್ನು ಬೆಂಚಿನ ಕೆಳಗೆ ಇಟ್ಟು ಎದ್ದು ನಿಂತರು.

"ಅಧ್ಯಕ್ಷರೇ, ನನಗೆ ದೊಡ್ಡ ದೊಡ್ಡ ಮಾತು ಅರ್ಥ ಆಗಲ್ಲ. ಒಂದೇ ಪ್ರಶ್ನೆ. ಪ್ರತಿ ಭಾನುವಾರ ಪೇಟೆ ಸುತ್ತೋರು ನೀವು. ನಿಯಮ ನಡೀತಾ ಇದೆಯಾ, ಇಲ್ವಾ? ನಡೀತಾ ಇದೆ ಅಂದ್ರೆ ಅದನ್ನ ತೆಗೆಯೋಕೆ ನಾನು ಕೈ ಎತ್ತಲ್ಲ. ನಡೀತಾ ಇಲ್ಲ ಅಂದ್ರೆ ಹೆಣ ಕಾಯೋದು ಯಾಕೆ? ಸೊಸೆ ಗೆಲ್ಲಲಿ."

ಒಳಬಾಗಿಲ ಹತ್ತಿರ ಪುಟ್ಟಿ ನಿಂತಿದ್ದಳು. ಸೊಸೆ ಖಾಲಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ಅಜ್ಜಿ "ನಡೀತಾ ಇದೆ" ಅಂದರೆ ಪ್ರಸ್ತಾಪ ಬಿತ್ತು, ಟಿಕೆಟ್ ಹೋಯಿತು, ಪುಟ್ಟಿಯ ಕೆಲಸ ಉಳಿಯಿತು. ಒಂದೇ ಮಾತು. ಆ ಮಾತನ್ನು ಯಾರೂ ಅನುಮಾನಿಸುತ್ತಿರಲಿಲ್ಲ.

"ಬೀಗ ಹಾಕಿರುತ್ತೆ," ಅಂದಳು ಅಜ್ಜಿ.

"ಅಂದ್ರೆ ನಡೀತಾ ಇದೆ."

"ಬೀಗ ಹಾಕಿರುತ್ತೆ ಅಂದೆ. ಒಳಗೆ ಕೆಲಸ ನಡೆಯುತ್ತೆ. ನಾನು ಇಷ್ಟು ವರ್ಷ ಬೀಗ ನೋಡ್ಕೊಂಡು ಬಂದೆ."

"ಯಾವ ಅಂಗಡೀಲಿ?"

"ಹೇಳಲ್ಲ."

"ಹೆಸರು ಹೇಳದಿದ್ರೆ ನಂಬೋದು ಹೇಗೆ?" ಅಂದ ಅಜ್ಜಿಯ ಕಡೆಯವನೇ ಒಬ್ಬ.

"ನಂಬಬೇಡ."

ಯಾರೂ ಒಳಬಾಗಿಲ ಕಡೆ ನೋಡಲಿಲ್ಲ. ನೋಡದೇ ಇರಲು ಎಲ್ಲರೂ ಕಷ್ಟಪಟ್ಟರು. ದರ್ಜಿ ಕೈ ಎಣಿಸಿದ. ಪೋಸ್ಟ್‌ಮನ್ ಪ್ರಸ್ತಾಪದ ಪರವಾಗಿ ಕೈ ಎತ್ತಿದರು, ಪ್ರಸ್ತಾಪ ಗೆದ್ದಿತು. ವಿರೋಧ ಎಷ್ಟು ಅಂದಾಗ ಅಜ್ಜಿ ಕೈ ಎತ್ತಿದಳು.

"ಅಲ್ಲ ಅಧ್ಯಕ್ಷರೇ," ಅಂದರು ಪೋಸ್ಟ್‌ಮನ್, "ನಿಯಮ ಸತ್ತಿದೆ ಅಂತ ನೀವೇ ಹೇಳಿದ್ರಿ."

"ಇದ್ದದ್ದು ಹೇಳಿದೆ. ಒಪ್ಪಿದೆ ಅಂತ ಹೇಳಲಿಲ್ಲವಲ್ಲ."

ಎಲ್ಲರೂ ಹೋದ ಮೇಲೆ ಪುಟ್ಟಿ ಅಜ್ಜಿಯ ಎದುರು ಬಂದು ನಿಂತಳು. "ಮಾತು ಕೊಟ್ಟಿದ್ದೆ ನೀನು."

"ಹೌದು."

"ಸುಳ್ಳು ಹೇಳಿದ್ರೆ ನಿನ್ನ ಪಕ್ಷಾನೂ ಉಳೀತಿತ್ತು, ನಾನೂ ಉಳೀತಿದ್ದೆ."

"ನೀನು ಉಳೀತಿರಲಿಲ್ಲ. ಒಳಗೇ ಇರ್ತಿದ್ದೆ." ಅಜ್ಜಿ ಬೆಂಚುಗಳನ್ನು ಗೋಡೆಗೆ ಸರಿಸತೊಡಗಿದಳು. ಪುಟ್ಟಿ ಸಹಾಯ ಮಾಡಲಿಲ್ಲ. ಸೊಸೆ ಬಂದು ಬೆಂಚಿನ ಇನ್ನೊಂದು ತುದಿ ಹಿಡಿದಳು. ಥ್ಯಾಂಕ್ಸ್ ಹೇಳುವ ಸಂದರ್ಭವೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ, ಹೇಳಲಿಲ್ಲ.

ಪುಟ್ಟಿಯ ಕೆಲಸ ಹೋಗಲಿಲ್ಲ. ಯಜಮಾನನಿಗೆ ಸುದ್ದಿ ಮರುದಿನವೇ ಮುಟ್ಟಿತ್ತು, ಆದರೆ ಅವನಿಗೆ ಮುಟ್ಟಿದ್ದು ಪಕ್ಷ ರಜೆ ಕೈಬಿಟ್ಟ ಸುದ್ದಿ. ಅವನು ಪುಟ್ಟಿಯನ್ನು ಕರೆದು, "ನಿಮ್ಮಮ್ಮ ಬುದ್ಧಿವಂತೆ," ಅಂದ.

ಸೊಸೆಗೆ ಟಿಕೆಟ್ ಸಿಕ್ಕಿತು. ಅಜ್ಜಿ ದಿನಾ ಬೆಳಿಗ್ಗೆ ಕರಪತ್ರದ ಕಟ್ಟು ಹಿಡಿದು ಮನೆಮನೆಗೆ ಹೋದಳು. ಬಹುಮತಕ್ಕೆ ಸೋತಮೇಲೆ ಬಹುಮತದ ಕೆಲಸ ಮಾಡಬೇಕು ಅನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

"ಇದರಲ್ಲಿ ಭಾನುವಾರ ಎಲ್ಲೂ ಕಾಣಲ್ವಲ್ಲ ಅಜ್ಜಿ?" ಅಂದ ಸೈಕಲ್ ರಿಪೇರಿಯವನು, ಕರಪತ್ರ ತಿರುಗಿಸಿ ನೋಡಿ.

"ತೆಗೆದಿದ್ದಾರೆ."

"ನಿಮಗೆ ಒಪ್ಪಿಗೇನಾ?"

"ಇಲ್ಲ."

"ಮತ್ತೆ ವೋಟು ಯಾಕೆ ಹಾಕಲಿ?"

"ನಿನ್ನ ಮನೆ ಮುಂದಿನ ಚರಂಡಿ ತೆಗೆಸಿದ್ದು ಯಾರು? ಅವಳಿಗೆ ಹಾಕು. ಪಕ್ಷಕ್ಕೆ ಬೇಕಾದ್ರೆ ಬೈಕೋ."

ಸೊಸೆ ಗೆದ್ದಳು. ನರ್ಸು ವೋಟು ಹಾಕಿದಳು, ಕಂಡಕ್ಟರ್ ಹಾಕಿದ, ಸೈಕಲ್ ರಿಪೇರಿಯವನೂ ಹಾಕಿದ. ಹೊಸ ಪುರಸಭೆಯ ಮೊದಲ ಸಭೆಯಲ್ಲೇ ಭಾನುವಾರದ ನಿಯಮ ರದ್ದಾಯಿತು. ಅವಳು ಕುರ್ಚಿಯಲ್ಲಿ ಕೂತು ಕೈ ಎತ್ತಿದಳು. ಅದೇ ಸಭೆಯಲ್ಲಿ ಮೂರು ಬೀದಿಗೆ ಹೊಸ ನೀರಿನ ಪೈಪು ಮಂಜೂರು ಮಾಡಿಸಿದಳು. ಮನೆಗೆ ಬಂದು ಎರಡನ್ನೂ ಹೇಳಿದಳು. ಅಜ್ಜಿ, "ಪೈಪು ಯಾವಾಗ ಹಾಕ್ತಾರೆ?" ಅಂತ ಮಾತ್ರ ಕೇಳಿದಳು.

ಪೇಟೆ ತೆರೆದ ಮೊದಲ ಭಾನುವಾರ ಪುಟ್ಟಿ ಬೆಳಿಗ್ಗೆಯೇ ಹೋದಳು, ಊಟದ ಡಬ್ಬಿ ಮರೆತು. ಸೊಸೆ ಹೇಗೂ ಅಂಗಡಿಗಳಿಗೆ ಹೋಗಿ ವೋಟಿಗೆ ಕೃತಜ್ಞತೆ ಹೇಳಬೇಕಿತ್ತು. ಅಜ್ಜಿ ಡಬ್ಬಿ ಹಿಡಿದು ಜೊತೆಗೆ ಬಂದಳು. ಬೀದಿ ತುಂಬಿತ್ತು. ಬಟ್ಟೆ ಅಂಗಡಿಯ ಬಾಗಿಲಲ್ಲಿ ಅಜ್ಜಿ ಡಬ್ಬಿಯನ್ನು ಸೊಸೆಯ ಕೈಗೆ ಕೊಟ್ಟಳು.

"ನೀವು ಬರಲ್ವಾ?"

"ಭಾನುವಾರ ನಾನು ಅಂಗಡಿಗೆ ಹೋಗಲ್ಲ. ನೀನು ಹೋಗಿ ಬಾ."

ಒಳಗೆ ಎಲ್ಲ ದೀಪಗಳೂ ಉರಿಯುತ್ತಿದ್ದವು, ಫ್ಯಾನುಗಳೂ ತಿರುಗುತ್ತಿದ್ದವು. ಯಜಮಾನ ಎದ್ದು ಬಂದ. ಕುರ್ಚಿ ತರಿಸಿದ. ಸೊಸೆ ಕೂರಲಿಲ್ಲ. ಕೌಂಟರಿನ ಮುಂದೆ ಸಾಲಿತ್ತು, ಪುಟ್ಟಿ ಅಳೆದು ಕತ್ತರಿಸುತ್ತಿದ್ದಳು.

"ಎಷ್ಟು ಹೊತ್ತಿಗೆ ಬರ್ತೀಯ?" ಸೊಸೆ ಕೇಳಿದಳು.

"ರಾತ್ರಿ. ಈಗ ಬಚ್ಚಿಟ್ಕೊಳ್ಳೋದು ಇಲ್ವಲ್ಲ, ಪೂರ್ತಿ ದಿನ." ಪುಟ್ಟಿ ಡಬ್ಬಿಯನ್ನು ಕೌಂಟರಿನ ಕೆಳಗಿಟ್ಟಳು. "ಅಮ್ಮ, ಹಿಂದೆ ಜನ ಇದ್ದಾರೆ."

ಸೊಸೆ ಯಜಮಾನನ ಕಡೆ ತಿರುಗಿದಳು. "ಭಾನುವಾರ ಅಂಗಡಿ ತೆಗೆದಿರಿ, ಸರಿ. ಈ ಹುಡುಗೀರಿಗೆ ವಾರದಲ್ಲಿ ಬೇರೆ ಯಾವ ದಿನ ರಜೆ?"

"ನಿಯಮದಲ್ಲಿ ಹಾಗೇನೂ ಇಲ್ವಲ್ಲ ಮೇಡಂ. ಇದ್ದದ್ದು ಭಾನುವಾರ ಒಂದೇ, ಅದನ್ನ ನೀವೇ ತೆಗೆದ್ರಿ." ಅವನು ವ್ಯಂಗ್ಯವಾಗಿ ಹೇಳಲಿಲ್ಲ, ಸಹಜವಾಗಿಯೇ ಹೇಳಿದ. ಆಮೇಲೆ ದನಿ ತಗ್ಗಿಸಿದ. "ನಿಮ್ಮ ಮಗಳದ್ದು ಬಿಡಿ, ಅದೇನು ದೊಡ್ಡ ವಿಷಯ. ಮುಂದಿನ ವಾರದಿಂದ ಅವಳು ಭಾನುವಾರ ಬರೋದು ಬೇಡ. ಸಂಬಳ ಹಿಡಿಯಲ್ಲ."

ಪಕ್ಕದ ಕೌಂಟರಿನ ಹುಡುಗಿ ಬಟ್ಟೆ ಮಡಚುವುದನ್ನು ನಿಧಾನ ಮಾಡಿದಳು. ಪುಟ್ಟಿ ಕತ್ತರಿ ಕೆಳಗಿಟ್ಟು ತಾಯಿಯನ್ನು ನೋಡಿದಳು.

ಸೊಸೆ ಹೊರಗೆ ಬಂದಾಗ ಅಜ್ಜಿ ನೆರಳಿಗೆ ಸರಿದು ನಿಂತಿದ್ದಳು.

"ಏನಂದ ಅವನು?"

"ಭಾನುವಾರ ರಜೆ ಕೊಡ್ತಾನಂತೆ."

"ಎಲ್ಲರಿಗೂನಾ?"

"ಪುಟ್ಟಿಗೆ."

"ನೀನೇನಂದೆ?"

ಸೊಸೆ ರಸ್ತೆಯ ಆಚೆ ನೋಡಿದಳು. ಯಾರೋ ಕೈ ಬೀಸಿದರು, ಅವಳೂ ಬೀಸಿದಳು.

"ಯೋಚನೆ ಮಾಡಿ ಹೇಳ್ತೀನಿ ಅಂದೆ."